ದೀಪ ಹಚ್ಚಿದವರು ಲೆಕ್ಕ ಕೇಳಬಾರದೇ?



ಕಳೆದ ತಿಂಗಳು ನಮ್ಮ ಭಾಗದ ಒಂದು ಮಠದಲ್ಲಿ ಹಿರಿಯ ನಾಗರಿಕರಿಗಾಗಿ ಸೈಬರ್ ವಂಚನೆ ಕುರಿತು ಜಾಗೃತಿ ಸಭೆ ನಡೆಯಿತು. ದಾಸೋಹ ಭವನ ತುಂಬಿ ಹೊರಗೆ ಕುರ್ಚಿ ಹಾಕಿದ್ದರು. ಪೊಲೀಸ್ ಅಧಿಕಾರಿಯೊಬ್ಬರು ಒಂದು ಗಂಟೆ ಮಾತನಾಡಿದರು, ಚೆನ್ನಾಗಿಯೇ ಮಾತನಾಡಿದರು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೋ ಕಾಲ್ ಮಾಡಿ ಯಾವ ಪೊಲೀಸರೂ, ಯಾವ ಸಿಬಿಐಯವರೂ, ಯಾವ ನ್ಯಾಯಾಧೀಶರೂ ಯಾರನ್ನೂ ಬಂಧಿಸುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ಬಾನುಲಿಯಲ್ಲಿ ಇದನ್ನು ಹೇಳಬೇಕಾಗಿ ಬಂತು ಎಂದರು. ಹಣ ಹೋದರೆ ತಲೆಯ ಮೇಲೆ ಕೈಹೊತ್ತು ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ, ತಡಮಾಡದೆ ತಿಳಿಸಿದರೆ ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಯುವ ಸಾಧ್ಯತೆ ಇದೆ ಎಂದರು. ಅಜ್ಜಂದಿರು ಅಂಗೈ ಮೇಲೆ ಆ ಸಂಖ್ಯೆ ಬರೆದುಕೊಂಡರು.

ನನ್ನ ಕಣ್ಣು ಮಾತ್ರ ವೇದಿಕೆಯ ಹಿಂದಿನ ಬ್ಯಾನರಿನ ಮೇಲೆ ನೆಟ್ಟಿತ್ತು. ಮೇಲೆ ಗುರುಬಸವಣ್ಣನವರ ಭಾವಚಿತ್ರ. ನಡುವೆ ಪೂಜ್ಯರ ಭಾವಚಿತ್ರ. ಕೆಳಗೆ ಪ್ರಾಯೋಜಕರ ಹೆಸರು: ಒಂದು ಪತ್ತಿನ ಸೌಹಾರ್ದ ಸಹಕಾರಿ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ, 60 ವರ್ಷ ಮೇಲ್ಪಟ್ಟವರ ಠೇವಣಿಗೆ ಶೇ. ಅರ್ಧದಷ್ಟು ಹೆಚ್ಚುವರಿ ಬಡ್ಡಿ. ಅದರ ಅಧ್ಯಕ್ಷರು ಪೊಲೀಸ್ ಅಧಿಕಾರಿಯ ಪಕ್ಕದಲ್ಲೇ ಕುಳಿತಿದ್ದರು. ಸಭೆ ಮುಗಿದ ಮೇಲೆ ಪ್ರತಿಯೊಬ್ಬರಿಗೂ ಒಂದು ಕೈಚೀಲ ಕೊಟ್ಟರು. ಅದರಲ್ಲಿ ಒಂದು ವಿಭೂತಿ ಗಟ್ಟಿ, ಒಂದು ವಚನ ಕಿರುಹೊತ್ತಿಗೆ, ಒಂದು ಠೇವಣಿ ಅರ್ಜಿ.

ಆ ಸಹಕಾರಿ ಮೋಸದ್ದು ಎಂದು ನಾನು ಹೇಳುತ್ತಿಲ್ಲ. ಅದರ ಲೆಕ್ಕ ನನಗೆ ಗೊತ್ತಿಲ್ಲ. ಆ ಭವನದಲ್ಲಿ ಕುಳಿತಿದ್ದ ನಾನೂರು ಜನರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಸಾನ್ನಿಧ್ಯ ವಹಿಸಿದ್ದ ಪೂಜ್ಯರಿಗೂ ಗೊತ್ತಿರಲಿಲ್ಲ. ನನ್ನ ತಕರಾರು ಅಷ್ಟೇ. ಅಪರಿಚಿತನ ಫೋನನ್ನು ನಂಬಬೇಡಿ ಎಂದು ಒಂದು ಗಂಟೆ ಬುದ್ಧಿ ಹೇಳಿದ ಅದೇ ವೇದಿಕೆ, ಪರಿಚಿತನ ಠೇವಣಿ ಅರ್ಜಿಯನ್ನು ವಿಭೂತಿಯ ಜೊತೆಗೆ ಕಟ್ಟಿ ಮನೆಗೆ ಕಳಿಸಿತು.

ನಾನು ಇಷ್ಟು ಕಹಿಯಾಗಿ ಏಕೆ ಬರೆಯುತ್ತಿದ್ದೇನೆಂದು ತಿಳಿಯಬೇಕಾದರೆ ನನ್ನದೇ ಕಥೆ ಹೇಳಬೇಕು. ಹೇಳಲು ನಾಚಿಕೆ. ಆದರೆ ನಮ್ಮ ನಾಚಿಕೆಯೇ ಇಂಥವರ ಅರ್ಧ ಬಂಡವಾಳ. ಹೇಳಿಬಿಡುತ್ತೇನೆ.

ನಾನು ನಿವೃತ್ತನಾದ ವರ್ಷ ನಮ್ಮ ತಾಲೂಕು ಕೇಂದ್ರದಲ್ಲಿ ಒಂದು ಪತ್ತಿನ ಸಹಕಾರಿ ಆರಂಭವಾಯಿತು. ಶರಣರ ಹೆಸರು. ನಿರ್ದೇಶಕರೆಲ್ಲ ನಮ್ಮವರೇ. ನಾವೆಲ್ಲ ನಡೆದುಕೊಳ್ಳುವ ಮಠದ ಪೂಜ್ಯರು ದೀಪ ಹಚ್ಚಿದರು. ನನ್ನನ್ನೂ ವೇದಿಕೆಗೆ ಕರೆದು, ಸಮಾಜದ ಹಿರಿಯರು, ನಿವೃತ್ತ ಇಂಜಿನಿಯರ್ ಸಾಹೇಬರು ಎಂದು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಬ್ಯಾಂಕಿನಲ್ಲಿ ಶೇ. 7 ಸಿಗುತ್ತಿದ್ದಾಗ ಇವರದು ಶೇ. 11. ನಾನು 11 ಲಕ್ಷ ರೂಪಾಯಿ ಇಟ್ಟೆ. ಅಷ್ಟಕ್ಕೇ ನಿಂತಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ನನ್ನ ಅಕ್ಕನನ್ನೂ ಕೈಹಿಡಿದು ಕರೆದುಕೊಂಡು ಹೋದೆ. ಅವಳಿಗೆ ಈಗ 74. ಭಾವನವರು ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದು ತೀರಿಕೊಂಡವರು. ಅವರು ಹೋದ ಮೇಲೆ ಬಂದ ಹಣ, ಎರಡು ಎಕರೆ ಮಾರಿದ ಹಣ, ಎಲ್ಲ ಸೇರಿ 6 ಲಕ್ಷ. ಅದನ್ನೂ ಅಲ್ಲೇ ಇಡಿಸಿದೆ.

ಮೂರು ವರ್ಷ ಬಡ್ಡಿ ತಪ್ಪದೆ ಬಂತು. ನಾಲ್ಕನೆಯ ವರ್ಷ ಸರ್ವರ್ ಡೌನ್ ಎಂದರು. ಮುಂದಿನ ಸೋಮವಾರ ಬನ್ನಿ ಎಂದರು. ಹಬ್ಬ ಆಗಲಿ ಎಂದರು. ಒಂದು ದಿನ ಬಾಗಿಲು ಹಾಕಿತ್ತು. ನಮ್ಮ ಹಣ ನಿರ್ದೇಶಕರ ಬೀಗರು, ಭಾವಮೈದುನರ ಹೆಸರಿನ ಸಾಲವಾಗಿ, ಊರ ಹೊರಗೆ ಕೃಷಿಯೇತರ ಪರಿವರ್ತನೆಯೂ ಆಗದ ಜಮೀನಿನಲ್ಲಿ ಕಲ್ಲು ನೆಟ್ಟ ಲೇಔಟ್ ಆಗಿ ನಿಂತಿತ್ತು.

ಬಂಧುಗಳೇ, ನಾನು ಮೂವತ್ತಕ್ಕೂ ಹೆಚ್ಚು ವರ್ಷ ನೀರಾವರಿ ಇಲಾಖೆಯಲ್ಲಿ ಕಾಲುವೆ ಕೆಲಸ ಮಾಡಿಸಿದವನು. ಅಳತೆ ಪುಸ್ತಕದಲ್ಲಿ ದಾಖಲಾಗದ ಕೆಲಸದ ಬಿಲ್ಲಿಗೆ ಸಹಿ ಹಾಕಿದವನಲ್ಲ. ಕಾಂಕ್ರೀಟಿನ ಘನ ಎರಕ ಹೊಯ್ದು, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒಡೆಸಿ ನೋಡದೆ ಅದರ ಬಲವನ್ನು ಒಪ್ಪಿದವನಲ್ಲ. ಗುತ್ತಿಗೆದಾರ ಹಣೆತುಂಬ ವಿಭೂತಿ ಧರಿಸಿ ಬಂದ ಮಾತ್ರಕ್ಕೆ ಸಿಮೆಂಟಿನ ಪ್ರಮಾಣ ಹೆಚ್ಚುವುದಿಲ್ಲ ಎಂದು ಕಿರಿಯ ಇಂಜಿನಿಯರುಗಳಿಗೆ ಹೇಳುತ್ತಿದ್ದೆ. ಅಂಥ ನಾನು ಈ ಸಹಕಾರಿಯಲ್ಲಿ ಕೇಳಿದ ಪ್ರಶ್ನೆ ಎಷ್ಟು ಗೊತ್ತೇ? ಒಂದು. ರಸೀದಿ ಇವತ್ತೇ ಕೊಡುತ್ತೀರಾ ಎಂದು.

ಕೇಳಬೇಕಾಗಿದ್ದನ್ನು ಹಣ ಹೋದ ಮೇಲೆ ಕಲಿತೆ. ಕಲಿತದ್ದನ್ನು ನಿಮಗೂ ಹೇಳುತ್ತೇನೆ. 1997ರ ಸೌಹಾರ್ದ ಕಾಯ್ದೆಯಡಿ ನೋಂದಣಿಯಾದ ಪತ್ತಿನ ಸಹಕಾರಿ ಬ್ಯಾಂಕ್ ಅಲ್ಲ. ರಿಸರ್ವ್ ಬ್ಯಾಂಕಿನ ಪರವಾನಗಿ ಅದಕ್ಕಿಲ್ಲ. ಬ್ಯಾಂಕಿನಲ್ಲಿ ನೀವಿಟ್ಟ ಹಣಕ್ಕೆ 2020ರ ಫೆಬ್ರವರಿಯಿಂದ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಹಕಾರಿಯ ಠೇವಣಿಗೆ ಆ ವಿಮೆಯ ಒಂದು ರೂಪಾಯಿಯೂ ಇಲ್ಲ. ಸಹಕಾರ ಸಂಘಗಳು ಹೆಸರಿನಲ್ಲಿ ಬ್ಯಾಂಕ್ ಎಂದು ಹಾಕಿಕೊಳ್ಳಬಾರದು, ಅವುಗಳ ಠೇವಣಿಗೆ ವಿಮೆ ಇಲ್ಲ ಎಂದು 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಸಾರ್ವಜನಿಕವಾಗಿಯೇ ಎಚ್ಚರಿಸಿತ್ತು. ನಮ್ಮೂರಿನಲ್ಲಿ ಇವತ್ತಿಗೂ ಎಲ್ಲರೂ ಅವನ್ನು ಬ್ಯಾಂಕ್ ಎಂದೇ ಕರೆಯುತ್ತಾರೆ.

ಇನ್ನೊಂದು ಸಂಗತಿ. ಠೇವಣಿ ಇಡುವಾಗ ನನ್ನಿಂದ ಸಣ್ಣ ಮೊತ್ತ ಪಡೆದು ಒಂದು ಚೀಟಿ ಕೊಟ್ಟಿದ್ದರು. ಅದರ ಮೇಲೆ ನಾಮಮಾತ್ರ ಸದಸ್ಯ ಎಂದಿತ್ತು. ನಾನು ಅದನ್ನು ಓದಿರಲಿಲ್ಲ. ಸೆಪ್ಟೆಂಬರಿನ ವಾರ್ಷಿಕ ಸಭೆಗೆ ಹೋಗಿ ಬಾಯಿ ತೆರೆದಾಗ ತಿಳಿಯಿತು, ನಾಮಮಾತ್ರ ಸದಸ್ಯನಿಗೆ ಮತವಿಲ್ಲ. ನಮ್ಮ ಸಂಸ್ಥೆ, ನಮ್ಮ ಸಮಾಜ, ನಮ್ಮವರು ಎಂದು ವೇದಿಕೆಯಲ್ಲಿ ಕೇಳಿದ್ದೆಲ್ಲ ಸರಿ. ಆ ‘ನಮ್ಮ’ದರೊಳಗೆ ಹಣ ಇಟ್ಟವನಿಗೆ ಜಾಗ ಇರಲಿಲ್ಲ.

ಬಾಗಿಲು ಮುಚ್ಚಿದ ಮೇಲೆ ನಾವು ಇಪ್ಪತ್ತು ಜನ ಪೂಜ್ಯರ ಬಳಿ ಹೋದೆವು. ಪೂಜ್ಯರು ಕಳ್ಳರಲ್ಲ, ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಒಂದು ರೂಪಾಯಿ ಮುಟ್ಟಿದವರಲ್ಲ. ಅವರಿಗೂ ನೋವಾಗಿತ್ತು. ಆದರೆ ಅವರು ಹೇಳಿದ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. “ನಾವು ದೀಪ ಹಚ್ಚಲು ಬಂದವರು, ಲೆಕ್ಕ ನೋಡಲು ಬಂದವರಲ್ಲ” ಎಂದರು.

ಸ್ವಾಮಿ, ನೀವು ದೀಪ ಹಚ್ಚಿದ್ದರಿಂದಲೇ ನಾವು ಲೆಕ್ಕ ನೋಡಲಿಲ್ಲ. ಆ ಮುದುಕಿಯರು ಅಧ್ಯಕ್ಷನ ಮುಖ ನೋಡಿ ಹಣ ಇಡಲಿಲ್ಲ. ಅಧ್ಯಕ್ಷ ಯಾರೆಂದೇ ಅವರಿಗೆ ತಿಳಿದಿರಲಿಲ್ಲ. ಗೋಡೆಯ ಮೇಲಿನ ನಿಮ್ಮ ಫೋಟೋ ನೋಡಿ ಇಟ್ಟರು. ನಿಮ್ಮ ಸಾನ್ನಿಧ್ಯವೇ ಆ ಸಂಸ್ಥೆಯ ಜಾಮೀನು ಆಗಿತ್ತು. ಜಾಮೀನು ನಿಂತವನು ಸಾಲಪತ್ರ ಓದುವುದು ಲೋಕದ ರೂಢಿ.

ಡಿಜಿಟಲ್ ಅರೆಸ್ಟ್ ಮಾಡುವವನು ಖಾಕಿ ತೊಟ್ಟು ಕ್ಯಾಮೆರಾ ಮುಂದೆ ಕೂರುತ್ತಾನೆ, ನಮ್ಮವನು ಕಾವಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾನೆ. ಅವನ ಬಂಡವಾಳ ನಮ್ಮ ಭಯ, ಇವನ ಬಂಡವಾಳ ನಮ್ಮ ಭಕ್ತಿ. ಮುಪ್ಪಿನಲ್ಲಿ ಎರಡೂ ಹೆಚ್ಚಾಗುತ್ತವೆ ಎಂದು ಇಬ್ಬರಿಗೂ ಗೊತ್ತು. ಫೋನಿನ ಕಳ್ಳನ ವಿಷಯ ಹೇಳಲು ಒಂದು ಸಂಖ್ಯೆಯಾದರೂ ಇದೆ. ಸಮಾಜದೊಳಗಿನ ಕಳ್ಳನ ವಿಷಯ ಹೇಳಿದರೆ ಸಮಾಜದ್ರೋಹಿ ಎನಿಸಿಕೊಳ್ಳಬೇಕಾಗುತ್ತದೆ.

ಹಾಗೇ ಆಯಿತು. ನಾವು ಪೊಲೀಸ್ ಠಾಣೆಗೆ ಹೊರಟಾಗ ಸಮಾಜದ ಮುಖಂಡರು ತಡೆದರು. ದೂರು ಕೊಟ್ಟರೆ ಟಿವಿಯವರು ಬರುತ್ತಾರೆ, ಮಠದ ಹೆಸರು ಕೆಡುತ್ತದೆ, ಬೇರೆಯವರು ನಗುತ್ತಾರೆ, ಒಳಗೊಳಗೇ ಬಗೆಹರಿಸೋಣ ಎಂದರು. ಎಂಟು ತಿಂಗಳು ಒಳಗೊಳಗೇ ಬಗೆಹರಿಸಿದೆವು. ಆ ಎಂಟು ತಿಂಗಳಲ್ಲಿ ಇಬ್ಬರು ನಿರ್ದೇಶಕರು ತಮ್ಮ ಮನೆ, ಹೊಲಗಳನ್ನು ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸಿದರು. ಠೇವಣಿದಾರರ ಹಿತ ಕಾಯಲೆಂದೇ ನಮ್ಮ ರಾಜ್ಯದಲ್ಲಿ 2004ರಲ್ಲಿ ಒಂದು ಕಾಯ್ದೆ ಆಗಿದೆ. ಹಣ ನುಂಗಿದ ಸಂಸ್ಥೆಯವರ ಆಸ್ತಿ ಜಪ್ತಿ ಮಾಡಿಸಲು ಅದರಲ್ಲಿ ದಾರಿ ಇದೆ. ಆ ದಾರಿ ಹಿಡಿಯುವ ಹೊತ್ತಿಗೆ ಜಪ್ತಿ ಮಾಡಲು ಉಳಿದದ್ದು ಕಲ್ಲು ನೆಟ್ಟ ಆ ಲೇಔಟ್ ಒಂದೇ.

ಬೇರೆಯವರು ನಗುತ್ತಾರೆ ಎಂಬ ಮಾತಿಗೆ ನನ್ನ ಉತ್ತರ ಇದು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕಂಪನಿ ಬಾಗಿಲು ಹಾಕಿ ಅದರ ಮುಖ್ಯಸ್ಥ ದೇಶ ಬಿಟ್ಟಾಗ, ಬಡ್ಡಿ ಹರಾಮ್, ಇದು ಬಡ್ಡಿಯಲ್ಲ ಲಾಭದ ಪಾಲು ಎಂಬ ಮಾತು ನಂಬಿದ ಸಾವಿರಾರು ಮುಸ್ಲಿಂ ಕುಟುಂಬಗಳು ಬೀದಿಯಲ್ಲಿ ಅತ್ತವು. 2020ರ ಜನವರಿಯಲ್ಲಿ ಬಸವನಗುಡಿಯ ಗುರುರಾಘವೇಂದ್ರ ಸಹಕಾರ ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, 35 ಸಾವಿರಕ್ಕಿಂತ ಹೆಚ್ಚು ತೆಗೆಯಬಾರದು ಎಂದಾಗ ಸರದಿಯಲ್ಲಿ ನಿಂತವರಲ್ಲಿ ಪಿಂಚಣಿದಾರರೇ ಹೆಚ್ಚು ಕಂಡರು. ಆಗ ನಮ್ಮ ಕಟ್ಟೆಯ ಮೇಲೆ ಕೂತು ನಾವೇನು ಮಾತನಾಡಿದೆವು? ಅವರ ದೇವರ ಹೆಸರು ನೋಡಿ ಇಟ್ಟರು, ಅನುಭವಿಸಲಿ ಎಂದು ನಾನೇ ಅಂದಿದ್ದೇನೆ. ನನ್ನ 11 ಲಕ್ಷ ಆಗ ಶರಣರ ಹೆಸರಿನ ಬೋರ್ಡಿನ ಕೆಳಗೆ ಕುಳಿತಿತ್ತು.

ನಮ್ಮ ಸಮಾಜದ ಸಹಕಾರಿಗಳೆಲ್ಲ ಕಳ್ಳರೇ ಎಂದು ಕೆಲವರು ಸಿಟ್ಟಾಗಬಹುದು. ಖಂಡಿತ ಅಲ್ಲ. ನಮ್ಮ ನಾಡಿನ ಸಹಕಾರ ಚಳವಳಿ ಬೇರೂರಿದ್ದೇ ಇಂಥ ಮಣ್ಣಿನಲ್ಲಿ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ರೈತರ ಸಂಘದಿಂದ. ನಾಲ್ಕು ಊರಿನವರು ಒಬ್ಬರನ್ನೊಬ್ಬರು ಬಲ್ಲ ಕಾಲ ಅದು. ಸಾಲ ತೆಗೆದುಕೊಂಡವನ ಎತ್ತು ಎಷ್ಟು, ಹೊಲ ಎಷ್ಟು ಎಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಇಂದು ಹತ್ತು ಶಾಖೆಗಳ, ಹವಾನಿಯಂತ್ರಿತ ಕಚೇರಿಗಳ ಸಂಸ್ಥೆಯಲ್ಲಿ ಹಣ ಎಲ್ಲಿಗೆ ಹೋಯಿತು ಎಂದು ತಿಳಿಯಲು ಲೆಕ್ಕಪರಿಶೋಧನಾ ವರದಿ ಓದದೆ ಬೇರೆ ದಾರಿಯಿಲ್ಲ. ಒಳ್ಳೆಯ ಸಂಸ್ಥೆ ಅದನ್ನು ತಾನೇ ಮುಂದಿಡುತ್ತದೆ. ಕೇಳಿದರೆ ಮುಖ ಸಿಂಡರಿಸುವ ಸಂಸ್ಥೆಯಿಂದ ಹಣ ತೆಗೆಯಿರಿ, ನಾಳೆ ಅಲ್ಲ, ಇವತ್ತು.

ಹಿರಿಯರು ಆಸೆಬುರುಕರು, ಅದಕ್ಕೇ ಮೋಸ ಹೋಗುತ್ತಾರೆ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ನಮ್ಮ ಮಠಗಳ ಪ್ರವಚನಗಳಲ್ಲಿ ಆಯ್ದಕ್ಕಿ ಮಾರಯ್ಯನವರ ಕಥೆ ಕೇಳದವರು ಯಾರಿದ್ದಾರೆ? ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಲೆಯ ಮೇಲೆ ಇಡಲಿಲ್ಲ. ಈ ಹೆಚ್ಚಿನದು ನಮಗೇಕೆ, ತಂದಲ್ಲೇ ಸುರಿದು ಬನ್ನಿ ಎಂದು ಕಳಿಸಿದರು. ಅಂದು ನಾನು ಅಕ್ಕನಿಗೆ ಶೇ. 11ರ ಬಡ್ಡಿಯ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವಳು ಕೇಳಿದಳು: “ಎಲ್ಲಾರೂ ಏಳು ಕೊಡತಾರ, ಇವರಿಗೆ ಹನ್ನೊಂದು ಎಲ್ಲಿಂದ ಬರತೈತಿ ತಮ್ಮಾ?”

ನಾಲ್ಕನೆಯ ತರಗತಿ ಓದಿದ ನನ್ನ ಅಕ್ಕ ಕೇಳಿದ ಪ್ರಶ್ನೆ ಅದು. ಇಂಜಿನಿಯರಿಂಗ್ ಪದವಿ ಪಡೆದ ನಾನು ಕೊಟ್ಟ ಉತ್ತರ: “ನಿನಗ ತಿಳಿಯೂದಿಲ್ಲ, ಸುಮ್ಮನಿರು. ಅಪ್ಪಾವ್ರು ದೀಪ ಹಚ್ಚ್ಯಾರ.”

ಸರಿಯಾದ ಪ್ರಶ್ನೆಯನ್ನು ಹಿರಿಯರು ಕೇಳುತ್ತಲೇ ಇರುತ್ತಾರೆ. ನಾವು, ತಿಳಿದವರು, ಅವರ ಬಾಯಿ ಮುಚ್ಚಿಸುತ್ತೇವೆ. ಅಲ್ಲಮಪ್ರಭುಗಳು ಅಧ್ಯಕ್ಷರಾಗಿದ್ದ ಅನುಭವ ಮಂಟಪದಲ್ಲಿ ಅಕ್ಕಮಹಾದೇವಿಯವರನ್ನೂ ಪ್ರಶ್ನೆ ಕೇಳದೆ ಒಳಗೆ ಬಿಡಲಿಲ್ಲ ಎಂದು ಹೆಮ್ಮೆಯಿಂದ ಹೇಳುವ ನಮ್ಮಲ್ಲಿ, ಒಂದು ಪತ್ತಿನ ಸಹಕಾರಿಯ ಅಧ್ಯಕ್ಷನನ್ನು ಪ್ರಶ್ನಿಸಿದರೆ ಅದು ಗುರುನಿಂದೆಯಾಗುವ ಮಟ್ಟಕ್ಕೆ ಬಂದಿದ್ದೇವೆ.

ಲೆಕ್ಕ ಕೇಳುವುದು ಅಗೌರವ ಎನ್ನುವವರಿಗೆ ಬಸವಣ್ಣನವರನ್ನು ನೆನಪಿಸುತ್ತೇನೆ. ಅವರು ಬಿಜ್ಜಳನ ಭಂಡಾರಿ. ಭಂಡಾರದ ಹಣವನ್ನು ಜಂಗಮರಿಗೆ ಚೆಲ್ಲುತ್ತಿದ್ದಾರೆ ಎಂದು ಚಾಡಿ ಹೋಗಿ, ಭಂಡಾರ ತೆರೆದು ಎಣಿಸಿದರೆ ಒಂದು ಕಾಸೂ ಕಡಿಮೆ ಇರಲಿಲ್ಲ ಎಂಬುದು ಪುರಾಣ. ಪುರಾಣಕಾರರು ಅದನ್ನು ಪವಾಡ ಮಾಡಿದರು. ನನ್ನಂಥ ಅಳತೆ ಪುಸ್ತಕದ ಮನುಷ್ಯನಿಗೆ ಅದರಲ್ಲಿ ಪವಾಡ ಬೇಕಿಲ್ಲ. ಲೆಕ್ಕ ಕೇಳಿದರು, ಪೆಟ್ಟಿಗೆ ತೆರೆಯಿತು, ಎಣಿಸಿದರು, ಸರಿ ಇತ್ತು. ಅಂಥ ಭಂಡಾರಿಯ ಚಿತ್ರವನ್ನು ಠೇವಣಿ ಪತ್ರದ ಮೇಲೆ ಅಚ್ಚು ಹಾಕಿ, ವರದಿ ಕೇಳಿದರೆ ಬೀರುವಿನ ಕೀಲಿ ಮ್ಯಾನೇಜರ್ ಹತ್ತಿರ ಇದೆ ಎನ್ನುತ್ತಾರೆ.

ಹಣ ಹೋದ ಮೇಲೆ ಇನ್ನೊಂದು ಹೋಗುತ್ತದೆ. ಅದು ಮನೆಯೊಳಗಿನ ಮಾತು. ಅಕ್ಕನ 6 ಲಕ್ಷ ಮುಳುಗಿದ ಸುದ್ದಿ ತಿಳಿದ ಆರು ತಿಂಗಳಿಗೆ ಅವಳ ಮಗ, ನಿನಗೆ ವ್ಯವಹಾರ ತಿಳಿಯುವುದಿಲ್ಲ, ಮನೆಯನ್ನಾದರೂ ನನ್ನ ಹೆಸರಿಗೆ ಮಾಡು ಎಂದ. ನನ್ನ ಸೋದರಳಿಯನೇ ಆದ್ದರಿಂದ ಹೆಚ್ಚು ಬರೆಯಲಾರೆ. ಆದರೆ ನಾನು ಆಡಿದ ಮಾತನ್ನೇ ಅವನೂ ಆಡಿದ್ದನ್ನು ಗಮನಿಸಿದೆ. ದಾನಪತ್ರದ ಕರಡು ತಂದಾಗ ನಾನು ಒಂದೇ ಹಟ ಹಿಡಿದೆ: ತಾಯಿಯನ್ನು ಕೊನೆಯವರೆಗೆ ನೋಡಿಕೊಳ್ಳುವ, ಅದೇ ಮನೆಯಲ್ಲಿ ಇರಿಸಿಕೊಳ್ಳುವ ಷರತ್ತು ಪತ್ರದೊಳಗೇ ಇರಬೇಕು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮು ಹೇಳುವುದು ಅದನ್ನೇ. ಆ ಷರತ್ತಿಗೆ ಒಳಪಟ್ಟು ಆಸ್ತಿ ಪಡೆದವನು ನೋಡಿಕೊಳ್ಳದಿದ್ದರೆ ಪತ್ರ ರದ್ದಾಗಬಹುದು. ಷರತ್ತು ಇರಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಬಿಗಿಯಾಗಿ ಹೇಳಿತ್ತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಅದೇ ಕೋರ್ಟ್, ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದು ದಾನಪತ್ರ ರದ್ದು ಮಾಡಿತು. ಆದರೂ ಕೋರ್ಟಿನ ಉದಾರತೆಯನ್ನು ನಂಬುವುದಕ್ಕಿಂತ ಎರಡು ಸಾಲು ಬರೆಸುವುದು ಅಗ್ಗ. ತಕರಾರು ಬಂದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹಿರಿಯರು ವಕೀಲರಿಲ್ಲದೆ ತಾವೇ ಅರ್ಜಿ ಕೊಡಬಹುದು. ದಾರಿ ತಿಳಿಯದಿದ್ದರೆ 14567ಕ್ಕೆ ಫೋನ್ ಮಾಡಬಹುದು. ಅಳಿಯ ಎರಡು ತಿಂಗಳು ನನ್ನೊಂದಿಗೆ ಮಾತು ಬಿಟ್ಟಿದ್ದ. ಷರತ್ತು ಬರೆಸಿದ ಮೇಲೆಯೇ ಸಹಿಯಾಯಿತು.

ಈಗ ಮಠಗಳಿಗೆ ನನ್ನ ಬೇಡಿಕೆ. ಯಾವ ಠೇವಣಿ ಸಂಸ್ಥೆಯ ದೀಪವನ್ನೂ ಹಚ್ಚಬೇಡಿ, ಗೌರವಾಧ್ಯಕ್ಷ ಸ್ಥಾನ ಒಪ್ಪಬೇಡಿ, ಭಾವಚಿತ್ರ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಮೂರು ವರ್ಷದ ಲೆಕ್ಕಪರಿಶೋಧನಾ ವರದಿ ತರಿಸಿಕೊಳ್ಳಿ. ನಿಮಗೆ ಓದಲು ಬರದಿದ್ದರೆ ನಿಮ್ಮ ಭಕ್ತರಲ್ಲೇ ನಿವೃತ್ತ ಬ್ಯಾಂಕ್ ಮ್ಯಾನೇಜರುಗಳಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ. ಅವರಿಗೆ ಶಾಲು ಹೊದಿಸುವ ಬದಲು ವರದಿ ಕೈಗೆ ಕೊಡಿ. ಸಾಲ ಯಾರಿಗೆ ಹೋಗಿದೆ, ನಿರ್ದೇಶಕರ ಮನೆತನಕ್ಕೆ ಎಷ್ಟು, ವಸೂಲಾಗದ್ದು ಎಷ್ಟು ಎಂಬ ಮೂರು ಅಂಕಿಯನ್ನು ದಾಸೋಹ ಭವನದ ಗೋಡೆಗೆ ಅಂಟಿಸಿ. ಕೊಡಲು ಒಪ್ಪದಿದ್ದರೆ ಮುಂದಿನ ಪ್ರವಚನದಲ್ಲಿ ಅದನ್ನೂ ಹೇಳಿ. ಮೋಸ ಬಯಲಾದ ದಿನ ಠಾಣೆಯ ಮೆಟ್ಟಿಲು ಹತ್ತುವವರಲ್ಲಿ ಮಠದ ಪ್ರತಿನಿಧಿ ಮೊದಲಿಗರಾಗಿರಲಿ. ತಿಂಗಳಿಗೊಂದು ಸೋಮವಾರ ಮಠದ ಜಗುಲಿಯಲ್ಲಿ ಒಂದು ಮೇಜು ಹಾಕಿ. ಹಿರಿಯರು ಪಾಸ್‌ಬುಕ್ಕು, ಬಾಂಡು, ದಾನಪತ್ರದ ಕರಡು, ಮೊಬೈಲಿಗೆ ಬಂದ ಸಂದೇಶ ಏನನ್ನಾದರೂ ತಂದು, ಸಹಿ ಹಾಕುವ ಮೊದಲು ಒಬ್ಬ ಬಲ್ಲವನಿಗೆ ತೋರಿಸಲಿ. ಮೇಜಿನ ಹಿಂದೆ ಕೂರಲು ನಾನು ಬರುತ್ತೇನೆ. ಜಾಗೃತಿ ಸಭೆಗೆ ಬ್ಯಾನರ್ ಬೇಕಾದರೆ ಭಕ್ತರ ಹತ್ತು ಹತ್ತು ರೂಪಾಯಿಯಲ್ಲಿ ಆಗುತ್ತದೆ.

ಕಳೆದ ತಿಂಗಳ ಸಭೆಯ ಪ್ರಾಯೋಜಕ ಸಂಸ್ಥೆಗೆ ವರದಿ ಕೇಳಿ ನಾನು ನೋಂದಾಯಿತ ಅಂಚೆಯಲ್ಲಿ ಪತ್ರ ಬರೆದಿದ್ದೇನೆ. ಪ್ರತಿಯನ್ನು ಆ ಮಠದ ಪೂಜ್ಯರಿಗೂ ಕಳಿಸಿದ್ದೇನೆ. ಸಂಸ್ಥೆಯಿಂದ ಉತ್ತರ ಬಂದಿಲ್ಲ. ಮಠದಿಂದ ಒಬ್ಬ ಕಾರ್ಯಕರ್ತರು ಫೋನ್ ಮಾಡಿ, ಬಸವ ಜಯಂತಿಯ ಖರ್ಚಿನಲ್ಲಿ ದೊಡ್ಡ ಪಾಲು ಅವರದೇ ಇದೆ, ಸ್ವಲ್ಪ ತಾಳಿ ಎಂದರು. ತಾಳಿದ್ದರಿಂದ ಏನಾಯಿತು ಎಂದು ಅವರಿಗೆ ಹೇಳಿದೆ.

ನಮ್ಮ ಮುಳುಗಿದ ಸಹಕಾರಿಯ ಸಮಾಪನಾಧಿಕಾರಿ ಬರುವ ಮಂಗಳವಾರ ಮೂಲ ಠೇವಣಿ ಪತ್ರಗಳೊಂದಿಗೆ ಬರಲು ಹೇಳಿದ್ದಾರೆ. ಅಕ್ಕನೂ ಬರುತ್ತಾಳೆ. ಬೇಡ, ಮಂಡಿ ನೋವು, ನಾನೇ ನೋಡಿಕೊಂಡು ಬರುತ್ತೇನೆ ಎಂದೆ. “ಈ ಸಲ ನಾನೂ ಕೇಳತೀನಿ” ಎಂದಳು.